ಕರೆಸಿಕೊಂಡವರು ಕೂರುವವರೆಗೆ

ಜೌಕಲಾ ದಮಾಯಿ ತನ್ನ ಬದುಕಿನಲ್ಲಿ ಹೊಲಿದುಕೊಟ್ಟ ಅಂಗಿಗಳಿಗೆ ಲೆಕ್ಕವಿಲ್ಲ. ಆದರೆ ದೊಡ್ಡ ಮನೆಗಳಿಗೆ ಹೊಲಿದ ಒಂದೇ ಒಂದು ಅಂಗಿಯನ್ನೂ ಅವಳು ತೊಡಿಸಿ ನೋಡಿದವಳಲ್ಲ. ಅವರ ಮೈ ಮುಟ್ಟಿ ಅಳತೆ ತೆಗೆಯುವ ಹಾಗಿರಲಿಲ್ಲವಲ್ಲ! ಜಗಲಿಯ ಮೇಲಿಂದ ಹಳೆಯ ಅಂಗಿಯೊಂದನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಅದನ್ನು ನೆಲಕ್ಕೆ ಹಾಸಿ, ಗೇಣು ಹಾಕಿ ಹೊಸದನ್ನು ಕತ್ತರಿಸಬೇಕು. ಹೊಲಿದು ಮುಗಿಸಿದ್ದನ್ನು ಅಂಗಳದಲ್ಲೇ ಇಟ್ಟು ದೂರ ಸರಿದರೆ, ಚಿನ್ನದ ಉಂಗುರ ಅದ್ದಿದ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಮರುದಿನ ಬೈಗುಳ ಮಾತ್ರ ತಪ್ಪುತ್ತಿರಲಿಲ್ಲ, ಕಂಕುಳಲ್ಲಿ ಹಿಡಿಯುತ್ತದಂತೆ. ಹಿಡಿಯದೆ ಇನ್ನೇನು ಮಾಡೀತು? ಮನುಷ್ಯನ ಮೈ ಹಳೆಯ ಅಂಗಿಯ ಅಳತೆಯಲ್ಲೇ ಕೂತಿರುತ್ತದೆಯೇ?

ಗಂಡ ಕೂಲಿಗೆಂದು ಗಡಿ ದಾಟಿ ಕಾಲಾಪಹಾಡಿಗೆ ಹೋದವನು ಅಲ್ಲೇ ತೀರಿಕೊಂಡ. ಅವನ ಹೊಲಿಗೆ ಯಂತ್ರ ಇವಳ ಪಾಲಿಗೆ ಬಂತು. ಕಾಲಿಕೋಟ್ ಜಿಲ್ಲೆಯ ಆ ಬೆಟ್ಟದೂರಿನಲ್ಲಿ ಎಲ್ಲಕ್ಕಿಂತ ಎತ್ತರದ ಜಗಲಿ ಹಿಕ್ಮತ್ ಶಾಹಿಯದು. ಊರಿನ ಜಗಳ, ನೀರಿನ ಸರದಿ, ಯಾರ ಎಮ್ಮೆ ಯಾರ ಹೊಲ ಮೇಯಿತು ಎಂಬುದೆಲ್ಲ ಆ ಜಗಲಿಯ ಮೇಲೆಯೇ ತೀರ್ಮಾನವಾಗಬೇಕು. ಹೊಲಿಗೆಯ ಜಾತಿಯವರಾದ ದಮಾಯಿಗಳ ವಿಷಯವಾದರೂ ಅಷ್ಟೆ, ಮಾತು ಜಗಲಿಯ ಮೇಲೆ, ದಮಾಯಿಗಳು ಅಂಗಳದಲ್ಲಿ.

ಆ ಅಂಗಳದಲ್ಲಿ ನಿಂತವರಲ್ಲಿ ಕಡೆಯವಳು ಜೌಕಲಾಳ ಸೊಸೆ ಬಿರ್ಮಾ. ಸರ್ಕಾರದ ದುಡ್ಡಿನಲ್ಲಿ ಹಾಕಿಸಿದ ಹೊಸ ನಲ್ಲಿಯನ್ನು ಅವಳು ಮುಟ್ಟಿದಳು ಎಂದು ಅವಳ ಕೊಡವನ್ನು ಬೆಟ್ಟದ ಕೆಳಗೆ ಉರುಳಿಸಿದ್ದರು. ಅಂಥಿಂಥ ಹುಡುಗಿಯಲ್ಲ ಬಿರ್ಮಾ. ಮನೆಯಲ್ಲಿ ಬಾಯಿ ತೆರೆದರೆ ಜೌಕಲಾಳೇ ಕೈ ಮುಗಿದು ಸುಮ್ಮನಾಗಬೇಕು. ದೂರು ಕೊಟ್ಟೇ ಕೊಟ್ಟಳು. ಕರೆಸಿದರು. ಜಗಲಿಯ ಮೇಲಿಂದ ಶಾಹಿ "ಹೇಳು, ಏನಾಯ್ತು?" ಎಂದ. ಅಂಗಳದಲ್ಲಿ ನಿಂತ ಬಿರ್ಮಾ ಬಾಯಿ ತೆರೆದಳು, ಮುಚ್ಚಿದಳು. ಇನ್ನೊಮ್ಮೆ ತೆರೆದಳು. ಒಂದಕ್ಷರ ಹೊರಡಲಿಲ್ಲ. "ಹೇಳೋದೇನೂ ಇಲ್ಲ ಅಂದ್ಮೇಲೆ ದೂರೂ ಇಲ್ಲ" ಎಂದು ಶಾಹಿ ಎದ್ದುಹೋದ. ಮನೆಗೆ ಬಂದ ಬಿರ್ಮಾ ಗೋಡೆಗೆ ಮುಖ ಮಾಡಿ ಮಲಗಿದವಳು ಎರಡು ದಿನ ಏಳಲಿಲ್ಲ. ಅಂದಿನಿಂದ ನೀರಿಗೆ ಹಳ್ಳಕ್ಕೇ ಇಳಿಯುತ್ತಿದ್ದಳು.

ಹೀಗಿರುವಾಗ ದೇಶವನ್ನು ಹಂಚಿ ಹೊಸ ಪ್ರದೇಶ ಸರ್ಕಾರ ಬಂತು, ಅದರ ರಾಜಧಾನಿ ಸುರ್ಖೇತಿನಲ್ಲಿ ಹೊಸ ಶಾಸನಸಭೆ ಬಂತು. ಪಕ್ಷದ ಹುಡುಗನೊಬ್ಬ ಯಂತ್ರದ ಮುಂದೆ ಕೂತಿದ್ದ ಜೌಕಲಾಳ ಹತ್ತಿರ ಬಂದು, ನಮ್ಮ ಪಟ್ಟಿಯಲ್ಲಿ ದಲಿತ ಹೆಂಗಸೊಬ್ಬರ ಹೆಸರು ಬೇಕೇ ಬೇಕು, ನಿಮ್ಮದು ಹಾಕಲಾ ಎಂದ. ಅವಳು ದಾರ ಹಲ್ಲಿನಿಂದ ಕಚ್ಚಿ ತುಂಡು ಮಾಡಿ, "ಹಾಕ್ಕೋ ಹೋಗು, ನನ್ನ ಹೆಸರೇನು ಸವೆದು ಹೋಗುತ್ತಾ?" ಎಂದಳು. ಆ ಮಾತು ಅವಳನ್ನು ಸಭಾಸದಸ್ಯೆಯನ್ನಾಗಿ ಮಾಡಿ ಸುರ್ಖೇತಿಗೆ ತಂದು ನಿಲ್ಲಿಸಿತು. ಇನ್ನೊಂದು ಪಕ್ಷದಿಂದ ಹಿಕ್ಮತ್ ಶಾಹಿಯೂ ಗೆದ್ದು ಬಂದಿದ್ದ. ನೀರು, ಶಾಲೆ, ಆಸ್ಪತ್ರೆ ನೋಡಿಕೊಳ್ಳುವ ಸಮಿತಿ ನನಗೆ ಬೇಕು ಎಂದು ಜೌಕಲಾ ಹಟ ಹಿಡಿದಳು. ಬಿರ್ಮಾಳ ದೂರನ್ನು ಮತ್ತೆ ಕೊಟ್ಟರೆ ಅದು ಮೊದಲು ಬರುವುದು ಆ ಸಮಿತಿಗೇ ಎಂದು ಅವಳಿಗೆ ಯಾರೋ ಹೇಳಿದ್ದರು. ಒಂಬತ್ತು ಜನರ ಆ ಸಮಿತಿಯಲ್ಲಿ ಶಾಹಿಯ ಕಡೆ ಐವರು, ಇವಳ ಕಡೆ ನಾಲ್ವರು. ಅಧ್ಯಕ್ಷಗಿರಿ ಶಾಹಿಗೇ ಎಂದು ಊರಿಗೆಲ್ಲ ಗೊತ್ತಿತ್ತು.

ಮೊದಲ ಸಭೆಯ ಹಿಂದಿನ ದಿನ ಮಧ್ಯಾಹ್ನ ಸಮಿತಿಯ ಕಾರ್ಯದರ್ಶಿ ಪ್ರಮಿಳಾ ಉಪ್ರೇತಿ ಅವಳ ಬಾಡಿಗೆ ಕೋಣೆಗೆ ಬಂದಳು. ಚುರುಕು ಹೆಂಗಸು, ನಡೆದರೆ ಓಡಿದ ಹಾಗೆ. ಜೌಕಲಾ ಫಾಪರ್ ಹಿಟ್ಟಿನ ರೊಟ್ಟಿ ಬೇಯಿಸುತ್ತಿದ್ದಳು.

"ಆಮಾ, ನಾಳೆ ಸಭೆಗೆ ಅಧ್ಯಕ್ಷತೆ ನಿಮ್ದೇ."

ರೊಟ್ಟಿ ಒಲೆಗೆ ಬೀಳುವುದೊಂದು ಬಾಕಿ. "ಈ ಮುದುಕಿನ ಯಾಕಮ್ಮಾ ಆಡ್ಕೋತೀಯಾ?"

"ಆಡ್ಕೊಳ್ಳೋದೇನು ಬಂತು? ಅಧ್ಯಕ್ಷರನ್ನ ಆರಿಸ್ಬೇಕು ಅಂದ್ರೆ ಸಭೆ ನಡೀಬೇಕು. ಸಭೆ ನಡೀಬೇಕು ಅಂದ್ರೆ ಅಧ್ಯಕ್ಷರ ಕುರ್ಚೀಲಿ ಯಾರಾದ್ರೂ ಇರ್ಬೇಕು. ಇನ್ನೂ ಯಾರೂ ಇಲ್ವಲ್ಲ! ಅದಕ್ಕೇ, ಆರಿಸೋವರೆಗೆ ವಯಸ್ಸಲ್ಲಿ ಯಾರು ಹಿರಿಯರೋ ಅವರು ಕೂರ್ಬೇಕು."

"ಜಾತಿ ಕೇಳಲ್ವಾ?"

"ಇಲ್ಲ."

"ಓದು?"

"ಇಲ್ಲ ಆಮಾ. ಯಾರು ಮೊದ್ಲು ಹುಟ್ಟಿದ್ರೋ ಅವ್ರು. ಅಷ್ಟೇ."

ಜೌಕಲಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹೊಸ ಸಭೆ, ಹೊಸ ಕಟ್ಟಡ, ಹೊಸ ಬಾವುಟ, ಎಲ್ಲವನ್ನೂ ಅವಳು ಕಣ್ಣು ಬಿಟ್ಟು ನೋಡಿದ್ದಳು, ನಿಜ. ಅವು ಯಾವುವೂ ಅವಳ ಮೈ ಜುಮ್ಮೆನ್ನಿಸಿರಲಿಲ್ಲ. ಇದು ಜುಮ್ಮೆನ್ನಿಸಿತು. ಯಾರೂ ದೊಡ್ಡವರಲ್ಲದ ಒಂದು ಗಳಿಗೆ ಎಲ್ಲದಕ್ಕೂ ಮೊದಲು ಇರುತ್ತದೆ, ಆ ಗಳಿಗೆಗೂ ಯಾರೋ ಪುಣ್ಯಾತ್ಮರು ಕೂತು ಯೋಚನೆ ಮಾಡಿ ಒಂದು ನಿಯಮ ಬರೆದಿಟ್ಟಿದ್ದಾರೆ! ಮಸ್ಟೋ ದೇವರಾಣೆ, ಇಂಥದ್ದೊಂದು ಲೋಕದಲ್ಲಿದೆ ಎಂದು ಅವಳ ಅಪ್ಪನಿಗಾಗಲಿ ಅಜ್ಜನಿಗಾಗಲಿ ಕನಸೂ ಬಿದ್ದಿರಲಿಕ್ಕಿಲ್ಲ.

"ನನ್ ಕೈಲಾಗಲ್ಲ ಅಂದ್ರೆ?" ಎಂದು ಕೇಳಿದಳು. ಹೆದರಿಕೆಯೂ ಆಗಿತ್ತು ಅನ್ನಿ.

"ಒಲ್ಲೆ ಅಂತ ನೀವೆದ್ರೆ ನಂತರದ ಹಿರಿಯರು ಕೂರ್ತಾರೆ."

"ಅಂದ್ರೆ ಯಾರು?"

"ಹಿಕ್ಮತ್ ಶಾಹಿ."

"ಅವನಾ! ಹಾಗಾದ್ರೆ ನಾನೇ ಕೂರ್ತೀನಿ ಬಿಡು."

ಉಪ್ರೇತಿ ನಕ್ಕು, ಸಮಿತಿ ಒಪ್ಪಬೇಕಾದ ಕೆಲಸದ ನಿಯಮಗಳ ಕರಡನ್ನು ಓದಿಹೇಳಿದಳು. ಎಷ್ಟು ಜನ ಸೇರಿದರೆ ಸಭೆ, ಯಾರು ಮೊದಲು ಮಾತಾಡಬೇಕು, ಮಾತಿನ ನಡುವೆ ಬಾಯಿ ಹಾಕಿದವರಿಗೆ ಏನು ಹೇಳಬೇಕು. ಜೌಕಲಾ ಪ್ರತಿಯೊಂದಕ್ಕೂ "ಆಹಾ, ಇದಕ್ಕೂ ಇದೆಯಾ!" ಎನ್ನುತ್ತಿದ್ದಳು. ಆಮೇಲೆ ಇದು ಬಂತು: "ಸಮಿತಿ ಕರೆಸಿಕೊಂಡ ವ್ಯಕ್ತಿಯು ಅಧ್ಯಕ್ಷರ ಎದುರು ನಿಂತು ಹೇಳಿಕೆ ಕೊಡತಕ್ಕದ್ದು."

ಜೌಕಲಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ನಿಂತು ಅಂದ್ಯಾ? ಇದನ್ನ ಬರೆದೋರು ಯಾರು?"

"ಯಾವ್ದೋ ಹಳೇ ನಿಯಮ ನೋಡ್ಕೊಂಡು ಇಳಿಸಿದ್ದು ಆಮಾ. ನಮ್ಮಲ್ಲಿ ಇನ್ನೂ ಯಾವುದೂ ಇರ್ಲಿಲ್ವಲ್ಲ."

"ಬದಲಾಯಿಸ್ಬಹುದಾ?"

"ಅದಕ್ಕೇ ಅಲ್ವಾ ಸಭೆ ಸೇರೋದು? ಯಾರು ಬೇಕಾದ್ರೂ ತಿದ್ದುಪಡಿ ಕೊಡ್ಬಹುದು. ಜಾಸ್ತಿ ಕೈ ಎದ್ರೆ ಬದಲಾಯ್ತು."

ಗುಟ್ಟು ಮಾಡುವುದು ಈ ಹೆಂಗಸಿನ ಜಾಯಮಾನದಲ್ಲೇ ಇಲ್ಲ. ಕಾರ್ಯದರ್ಶಿ ಅತ್ತ ಹೋದಳೋ ಇಲ್ಲವೋ, ಇವಳು ಸಭಾಭವನದ ಮುಂದಿನ ಚಹಾದಂಗಡಿಗೆ ಬಂದು ಇದ್ದಬದ್ದವರಿಗೆಲ್ಲ ಹೇಳಿದಳು: "ನಾಳೆ ನೋಡ್ತಾ ಇರಿ, ಕರೆಸಿಕೊಂಡೋರಿಗೆ ಕುರ್ಚಿ ಕೊಡಿಸ್ತೀನಿ. ನಮ್ ಬಿರ್ಮಾ ಬಂದು ಕೂತ್ಕೊಂಡೇ ಮಾತಾಡ್ತಾಳೆ." ಅಂಗಡಿಯ ಆ ಮೂಲೆಯಲ್ಲಿ ಶಾಹಿಯ ಬಲಗೈ ತುಲಾರಾಜ ಹಮಾಲ್ ಕೂತು ಚಹಾ ಹೀರುತ್ತಿದ್ದ. ಲೋಟ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಮರುದಿನ ಜೌಕಲಾ ಒಗೆದ ಚೋಲೊ ರವಿಕೆ ತೊಟ್ಟು ಬಂದಳು. ಉದ್ದ ಮೇಜು, ಅದರ ತಲೆಯ ಕಡೆ ಎತ್ತರ ಬೆನ್ನಿನ ಕುರ್ಚಿ. ಉಪ್ರೇತಿ ಹಿರಿಯ ಸದಸ್ಯರು ಬಂದು ಕೂರಬೇಕು ಎನ್ನುತ್ತಿದ್ದಂತೆ ತುಲಾರಾಜ ಕೈ ಎತ್ತಿದ. "ಇವ್ರೇ ಹಿರಿಯರು ಅಂತ ಏನು ಗ್ಯಾರಂಟಿ? ನಮ್ಮ ಶಾಹಿಯವರಿಗೂ ವಯಸ್ಸಾಗಿದೆಯಲ್ಲ."

"ಅಯ್ಯೋ, ಅದಕ್ಯಾಕಪ್ಪಾ ಅಷ್ಟು ತಲೆ ಕೆಡಿಸ್ಕೋತೀಯಾ" ಎಂದಳು ಜೌಕಲಾ. "ನಿಮ್ಮ ಶಾಹಿಯವರಿಗೆ ಹೆಸರಿಟ್ಟ ದಿನ ನಮ್ಮಪ್ಪ ಸನಾಯಿ ಊದ್ತಿದ್ದ. ನಾನು ತಮ್ಮನ್ನ ಸೊಂಟಕ್ಕೇರಿಸ್ಕೊಂಡು ಅಂಗಳದಲ್ಲಿ ಪಾಯಸಕ್ಕೆ ಕಾಯ್ತಿದ್ದೆ. ಒಡೇರು ಕಿರುಚಿದ ಕಿರುಚಾಟಕ್ಕೆ ಸನಾಯಿ ಯಾರಿಗೂ ಕೇಳಿಸ್ಲಿಲ್ಲ ನೋಡು."

ಕೋಣೆಯೆಲ್ಲ ಗೊಳ್ಳೆಂದಿತು. ಶಾಹಿಯೂ ಮೀಸೆಯೊಳಗೇ ನಕ್ಕ. ವಯಸ್ಸಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಕುರ್ಚಿಯಲ್ಲಿ ಕೂತರೆ ಜೌಕಲಾಳ ಕಾಲು ನೆಲಕ್ಕೆ ಎಟುಕಲಿಲ್ಲ. ಉಪ್ರೇತಿ ಕಿವಿಯ ಹತ್ತಿರ ಬಗ್ಗಿ, "ಸಭೆ ಆರಂಭವಾಯಿತು ಅನ್ನಿ" ಎಂದಳು. ಜೌಕಲಾ ಅಂದಳು. ಅಂದದ್ದೇ ತಡ, ಹರಟೆ ಹೊಡೆಯುತ್ತಿದ್ದ ಅಷ್ಟೂ ಜನ ಸುಮ್ಮನಾದರು. ಶಾಹಿ ಸುಮ್ಮನಾದ! ಅಬ್ಬಬ್ಬಾ, ಅವಳಿಗೆ ಕೂಡಲೇ ಇನ್ನೊಮ್ಮೆ ಅಂದು ನೋಡೋಣ ಅನ್ನಿಸಿತಂತೆ. ಬಾಯಿಂದ ಬಿದ್ದ ಎರಡು ಪದ, ಕೋಲಿಲ್ಲ, ಬೈಗುಳವಿಲ್ಲ, ಪೋಲೀಸಿಲ್ಲ.

ಆಗ ತುಲಾರಾಜ ಎದ್ದು ಬೆಣ್ಣೆಯಂಥ ದನಿಯಲ್ಲಿ ಹೇಳಿದ: "ಅಧ್ಯಕ್ಷರ ಆಯ್ಕೆ ಆಮೇಲಾಗ್ಲಿ. ಮೊದ್ಲು ಕೆಲಸದ ನಿಯಮಗಳನ್ನ ಪಾಸು ಮಾಡೋಣ. ನಮ್ಮ ಮೊದಲ ನಿಯಮಗಳು ಈ ತಾಯಿಯ ಅಧ್ಯಕ್ಷತೇಲೇ ಆಯ್ತು ಅಂದ್ರೆ ನಮಗೆಲ್ಲ ಹೆಮ್ಮೆ."

ಎಲ್ಲರೂ ಮೇಜು ಕುಟ್ಟಿದರು. ಜೌಕಲಾ ಉಬ್ಬಿಹೋದಳು. ಒಂದೊಂದೇ ನಿಯಮ ಓದಿ, ಒಪ್ಪಿ, ಮುಂದಕ್ಕೆ ಹೋಯಿತು. ನಿಂತು ಹೇಳುವ ನಿಯಮ ಬಂದಾಗ ಅವಳು ಬಾಯಿ ತೆರೆದಳು: "ಇಲ್ಲಿ ನಂದೊಂದು ತಿದ್ದುಪಡಿ—"

"ಕ್ಷಮಿಸ್ಬೇಕು, ಮಾನ್ಯ ಹಿರಿಯರೇ" ಎಂದ ತುಲಾರಾಜ. "ಆ ಕುರ್ಚೀಲಿ ಕೂತೋರು ತಿದ್ದುಪಡಿ ಕೊಡೋ ಹಾಗಿಲ್ಲ. ಎರಡೂ ಕಡೆ ಸಮ ಆದ್ರೆ ಮಾತ್ರ ಅವರ ಮತ."

ಜೌಕಲಾ ಉಪ್ರೇತಿಯ ಕಡೆ ನೋಡಿದಳು. ಉಪ್ರೇತಿ ತಲೆ ತಗ್ಗಿಸಿ, ಹೌದು ಎಂಬಂತೆ ಆಡಿಸಿದಳು.

ಹೆಮ್ಮೆಯಂತೆ ಹೆಮ್ಮೆ! ಬಾಯಿಗೆ ಬೀಗ ಹಾಕುವುದಕ್ಕೆಂದೇ ಅವಳು ಕುರ್ಚಿಯಲ್ಲಿರುವಾಗಲೇ ನಿಯಮಗಳನ್ನು ತಂದಿದ್ದರು. ಅವಳ ಪಕ್ಷದ ಇನ್ನೊಬ್ಬರು ತಿದ್ದುಪಡಿ ಕೊಟ್ಟರೂ ಉಳಿದವರು ಮೂವರು, ಆ ಕಡೆ ಐವರು. ಇನ್ನು ಅರೆಗಳಿಗೆಯಲ್ಲಿ ನಿಯಮ ಪಾಸಾಗುತ್ತದೆ. ಬಿರ್ಮಾ ಬರುತ್ತಾಳೆ, ಬಾಗಿಲಲ್ಲಿ ನಿಲ್ಲುತ್ತಾಳೆ, ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಅತ್ತೆ ಈ ಎತ್ತರದ ಕುರ್ಚಿಯಿಂದಲೋ ಪಕ್ಕದ ಕುರ್ಚಿಯಿಂದಲೋ ಅದನ್ನು ನೋಡುತ್ತಾ ಕೂರಬೇಕು.

ಶಾಹಿ ಟೋಪಿ ಸರಿಮಾಡಿಕೊಳ್ಳುತ್ತಾ ನೆಮ್ಮದಿಯಾಗಿ ಕೂತಿದ್ದ. ಅವನು ತೊಟ್ಟಿದ್ದ ದೌರಾ ಅಂಗಿ ಜೌಕಲಾಳೇ ಹೊಲಿದದ್ದು. ಅದನ್ನೇ ನೋಡುತ್ತಿದ್ದವಳಿಗೆ ತಟ್ಟನೆ ಒಂದು ಮಾತು ನೆನಪಾಯಿತು.

ಕುರ್ಚಿಯಿಂದ ಜಾರಿ ಕೆಳಗಿಳಿದಳು. "ನಾನು ಒಲ್ಲೆ" ಎಂದಳು.

"ಏನು ಒಲ್ಲೆ?" ಎಂದ ತುಲಾರಾಜ.

"ಈ ಕುರ್ಚಿ ಒಲ್ಲೆ. ನಂತರದ ಹಿರಿಯರು ಬರ್ಲಿ. ಹೌದಲ್ವಾ ಮಗಳೇ, ನಿಯಮ?"

ಉಪ್ರೇತಿಯ ಮುಖ ಅರಳಿತು. ನಿಯಮ ಹಾಗೇ ಇದೆ ಎಂದು ಓದಿಯೂ ಹೇಳಿದಳು. ನಂತರದ ಹಿರಿಯ ಹಿಕ್ಮತ್ ಶಾಹಿ.

ಈಗ ಹುಳ್ಳಗಾಗುವ ಸರದಿ ತುಲಾರಾಜನ ಮುಖದ್ದು. ಶಾಹಿ ಆ ಕುರ್ಚಿಗೆ ಹೋದರೆ ಇವರ ಐದು ಕೈ ನಾಲ್ಕಾಗುತ್ತವೆ. ಜೌಕಲಾ ಕೆಳಗೆ ಬಂದರೆ ಅವರ ಮೂರು ಕೈ ನಾಲ್ಕಾಗುತ್ತವೆ. ಸಮವಾದರೆ ಶಾಹಿಯೇ ಎಲ್ಲರ ಕಣ್ಣೆದುರು ಹೌದೋ ಅಲ್ಲವೋ ಅನ್ನಬೇಕು. "ನೀವೂ ಒಲ್ಲೆ ಅಂದ್ಬಿಡಿ" ಎಂದು ಅವನು ಪಿಸುಗುಟ್ಟಿದ್ದು ಮೇಜಿನ ಆ ತುದಿಗೂ ಕೇಳಿಸಿತು.

ಶಾಹಿ ಏಳಲಿಲ್ಲ. ಕುರ್ಚಿಯನ್ನೇ ನೋಡಿದ. ಎಲ್ಲರೂ ಅವನನ್ನು ನೋಡುತ್ತಿದ್ದರು. ಒಬ್ಬ ದಮಾಯಿ ಹೆಂಗಸು ಈಗತಾನೆ ಕೂತು ಎದ್ದ ಕುರ್ಚಿ ಅದು. ಒಲ್ಲೆ ಅಂದರೆ ಯಾಕೆ ಒಲ್ಲೆ ಅಂದ ಎಂದು ಹೊರಗಿನ ಚಹಾದಂಗಡಿಯವನೂ ಕೇಳುತ್ತಾನೆ. ಪತ್ರಿಕೆಯವರು ಬಾಗಿಲಾಚೆಯೇ ನಿಂತಿದ್ದರು.

"ಬನ್ನಿ ಒಡೆಯಾ" ಎಂದಳು ಜೌಕಲಾ. "ಕುರ್ಚಿ ಬೆಚ್ಚಗಿದೆ. ಚಿನ್ನದ ನೀರು ಮಾತ್ರ ಇಲ್ಲಿ ಸಿಗಲ್ಲ."

ಶಾಹಿ ಎದ್ದ, ನಡೆದ, ಕೂತ. ಕೂತದ್ದನ್ನು ನೋಡಿ ಜೌಕಲಾಳಿಗೆ ಗೆದ್ದೆ ಅನ್ನಿಸಲಿಲ್ಲವಂತೆ, ಒಂಥರಾ ಭಯಭಕ್ತಿಯೇ ಬಂತಂತೆ. ಬೆಟ್ಟ ಅಲ್ಲಾಡಿದ್ದನ್ನು ಕಂಡ ಹಾಗೆ.

"ನನ್ ತಿದ್ದುಪಡಿ ಹೇಳೋಕ್ಮುಂಚೆ ಈ ನಿಯಮಾನ ಒಂದ್ಸಲ ತೊಡಿಸಿ ನೋಡೋಣ" ಎಂದಳು. "ನಾನೇ ಕರೆಸಿಕೊಂಡೋಳು ಅಂದ್ಕೊಳ್ಳಿ. ಬಾಗ್ಲತ್ರ ನಿಂತ್ಕೋತೀನಿ."

ಹೋಗಿ ನಿಂತಳು. ಬಿರ್ಮಾಳ ಹಾಗೆ ಒಂದಿಷ್ಟು ತಡವರಿಸಿ ತೋರಿಸೋಣ ಎಂಬುದು ಅವಳ ಲೆಕ್ಕ. ತಿರುಗಿ ನೋಡಿದರೆ ಎತ್ತರದ ಕುರ್ಚಿಯಲ್ಲಿ ಶಾಹಿ. ನಡುವೆ ಸರಿಯಾಗಿ ಆ ಅಂಗಳದಷ್ಟೇ ದೂರ.

"ಹೇಳು, ಏನಾಯ್ತು?" ಎಂದ ಶಾಹಿ. ಬೇಕೆಂದು ಅಂದದ್ದಲ್ಲ, ಅಭ್ಯಾಸದಿಂದ ಬಂದದ್ದು.

ಜೌಕಲಾ ಬಾಯಿ ತೆರೆದಳು. ಮಾತು ಬರಲಿಲ್ಲ. ನಾಟಕವಲ್ಲ, ನಿಜವಾಗಿಯೇ ಬರಲಿಲ್ಲ. ಇಷ್ಟು ಹೊತ್ತು ಎಲ್ಲರನ್ನೂ ನಗಿಸುತ್ತಿದ್ದ ಹೆಂಗಸು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಾ ನಿಂತುಬಿಟ್ಟಳು. ಕಣ್ಣಲ್ಲಿ ನೀರು ತುಂಬಿದ್ದನ್ನು ಮೊದಲು ಕಂಡವಳು ಉಪ್ರೇತಿ. ಓಡಿಹೋಗಿ ಒಂದು ಕುರ್ಚಿ ಎಳೆದು ತಂದು ಕೂರಿಸಿ, ನೀರು ಕೊಟ್ಟಳು.

ಕೂತಳು. ಉಸಿರು ಬಂತು. ಉಸಿರಿನ ಹಿಂದೆಯೇ ಮಾತೂ ಬಂತು.

"ನೋಡಿದ್ರಾ?" ಎಂದಳು. "ನಾನೂ ನಿಮ್ಮ ಹಾಗೆ ಸದಸ್ಯೆ. ನನಗೇ ಹೀಗಾಯ್ತು. ಯಾವ್ದೋ ಹಳೇ ಅಂಗಿ ಹಾಸಿ ಕತ್ತರಿಸಿದ ನಿಯಮ ಇದು, ಯಾರ ಮೈಗೂ ತೊಡಿಸಿ ನೋಡಿಲ್ಲ. ಎಲ್ಲಿ ಹಿಡಿಯುತ್ತೆ ಅಂತ ಈಗ ಗೊತ್ತಾಯ್ತಾ? ಗಂಟಲಲ್ಲಿ ಹಿಡಿಯುತ್ತೆ."

ಆಮೇಲೆ ಅವಳ ತಿದ್ದುಪಡಿಯನ್ನು ಉಪ್ರೇತಿ ಬರೆದುಕೊಂಡು ಓದಿದಳು: ಕರೆಸಿಕೊಂಡವರು ಸದಸ್ಯರ ಜೊತೆ ಅದೇ ಮೇಜಿಗೆ ಕೂರತಕ್ಕದ್ದು, ಅವರು ಕೂರುವವರೆಗೆ ಸಭೆ ಆರಂಭವಾಗತಕ್ಕದ್ದಲ್ಲ.

ಕೈ ಎತ್ತಿಸಿದರು. ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಉಪ್ರೇತಿ ಎತ್ತರದ ಕುರ್ಚಿಯ ಕಡೆ ತಿರುಗಿ, "ಸಮ ಆಗಿದೆ. ತಾವು ಹೇಳ್ಬೇಕು" ಎಂದಳು.

ಶಾಹಿ ಬಾಗಿಲ ಹತ್ತಿರ ಬರಿದಾಗಿದ್ದ ಜಾಗವನ್ನು ನೋಡುತ್ತಿದ್ದ. ತುಲಾರಾಜ ಕೆಮ್ಮಿದ, ಇನ್ನೊಮ್ಮೆ ಕೆಮ್ಮಿದ.

"ಆ ಹುಡುಗಿ ಅವತ್ತು ಹೇಳೋದೇನೂ ಇಲ್ಲ ಅಂತಲ್ಲ..." ಎಂದು ಶುರುಮಾಡಿದ ಶಾಹಿ, ಅಲ್ಲಿಗೇ ನಿಲ್ಲಿಸಿದ. ಆಮೇಲೆ "ತಿದ್ದುಪಡಿ ಆಯ್ತು ಅಂತ ಬರ್ಕೊಳ್ಳಿ" ಎಂದ.

ಯಾಕೆ ಹಾಗಂದ ಎಂದು ಸುರ್ಖೇತಿನಲ್ಲಿ ಇವತ್ತಿಗೂ ಜಗಳವಾಡುತ್ತಾರೆ. ಪತ್ರಿಕೆಯವರಿಗೆ ಹೆದರಿ ಅಂದ ಎನ್ನುವವರಿದ್ದಾರೆ, ಹಸಿವಾಗಿತ್ತು ಬೇಗ ಮುಗಿಸಿದ ಎನ್ನುವ ಪೋಕರಿಗಳೂ ಇದ್ದಾರೆ. ಜೌಕಲಾಳನ್ನು ಕೇಳಿದರೆ, "ಒಡೇರು ಹೇಳಿದ್ದಲ್ಲ ಕಣ್ರೋ, ಆ ಕುರ್ಚಿ ಹೇಳಿಸಿದ್ದು. ಅದರಲ್ಲಿ ಕೂತು ನೋಡಿದ್ರೆ ಗೊತ್ತಾಗುತ್ತೆ, ಎಲ್ರೂ ನಿಮ್ಮನ್ನೇ ನೋಡ್ತಿರ್ತಾರೆ" ಎನ್ನುತ್ತಾಳೆ. ಅದಾದ ಮೇಲೆ ಅಧ್ಯಕ್ಷರ ಆಯ್ಕೆಯಾಯಿತು, ಶಾಹಿಯೇ ಆದ. ಜೌಕಲಾಳೂ ಅವನಿಗೇ ಕೈ ಎತ್ತಿದಳು. ಅವಳ ಪಕ್ಷದವರು ಕಣ್ಣು ಕೆಕ್ಕರಿಸಿದರೆ, "ಕೂತಿದ್ದಕ್ಕೆ ಇಷ್ಟು ಬುದ್ಧಿ ಬಂತಲ್ಲ, ಇನ್ನಷ್ಟು ದಿನ ಕೂತಿರ್ಲಿ ಬಿಡಿ" ಎಂದಳು.

ಬೇಸಿಗೆಯಲ್ಲಿ ಬಿರ್ಮಾಳ ದೂರು ಸಮಿತಿಗೆ ಬಂತು. ಕರೆಸಿದರು. ಎರಡು ದಿನದ ದಾರಿ ಬಂದ ಬಿರ್ಮಾ ಬಾಗಿಲು ದಾಟಿ ಒಳಗೆ ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು. ಎದುರಿಗೆ ಎತ್ತರದ ಕುರ್ಚಿಯಲ್ಲಿ ಹಿಕ್ಮತ್ ಶಾಹಿ. ಶಾಲಿನ ಅಂಚು ಮುಷ್ಟಿಯಲ್ಲಿ ಹಿಡಿದು ನೆಲ ನೋಡಿದಳು. ಮೇಜಿನ ಬದಿಯಲ್ಲಿ ಅವಳಿಗೆಂದು ಹಾಕಿದ ಕುರ್ಚಿ ಖಾಲಿ ಇತ್ತು.

ನೀರು ಇಲಾಖೆಯ ಅಧಿಕಾರಿ ಕಡತ ಬಿಚ್ಚಿ, "ಶುರು ಮಾಡೋಣ್ವಾ ಸರ್?" ಎಂದ.

"ಆಗಲ್ಲ" ಎಂದ ಶಾಹಿ. "ಅವ್ರಿನ್ನೂ ಕೂತಿಲ್ಲ."

ಅಧಿಕಾರಿ ಕಡತ ಮುಚ್ಚಿದ. ತುಲಾರಾಜ ಗಡಿಯಾರ ನೋಡಿದ. ಚಹಾ ತಣ್ಣಗಾಯಿತು. ಬಾ, ಕೂರು ಎಂದು ಕರೆಯಲು ಜೌಕಲಾಳ ನಾಲಿಗೆ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ಹಿಡಿದುಕೊಂಡಳು. ಅವಳ ಮೈಯೆಲ್ಲ ಮುಳ್ಳೆದ್ದಿತ್ತು. ಒಂಬತ್ತು ಸದಸ್ಯರು, ಕಾರ್ಯದರ್ಶಿ, ಅಧಿಕಾರಿ, ಅಷ್ಟು ದೊಡ್ಡ ಸರ್ಕಾರ, ಒಬ್ಬ ದಮಾಯಿ ಹುಡುಗಿ ಕೂರಲಿ ಎಂದು ಕಾಯುತ್ತಿತ್ತು. ಅವಳು ಕೂರದೆ ಅದಕ್ಕೆ ಮುಂದೆ ಹೋಗಲು ದಾರಿಯೇ ಇರಲಿಲ್ಲ.

ಕಡೆಗೆ ಬಿರ್ಮಾಳೇ ತಲೆ ಎತ್ತಿದಳು. "ಎಲ್ರೂ ಯಾಕೆ ಸುಮ್ನೆ ಕೂತಿದೀರಾ?" ಎಂದಳು, ತೀರ ಸಣ್ಣ ದನಿಯಲ್ಲಿ.

"ನಿಮಗೇ ಕಾಯ್ತಿದೀವಮ್ಮ" ಎಂದ ಶಾಹಿ. "ನೀವು ಕೂರೋವರೆಗೆ ನಾನು ಬಾಯಿ ಬಿಡೋ ಹಾಗಿಲ್ಲ."

ಬಿರ್ಮಾ ಅತ್ತೆಯ ಕಡೆ ನೋಡಿದಳು, ಕುರ್ಚಿಯ ಕಡೆ ನೋಡಿದಳು. ನಡೆದು ಬಂದು, ಅದನ್ನು ಮೇಜಿಗೆ ಹತ್ತಿರವಾಗಿ ಎಳೆದುಕೊಂಡು ಕೂತಳು.

"ಸಭೆ ಆರಂಭವಾಯಿತು" ಎಂದ ಶಾಹಿ.

ಬಿರ್ಮಾ ಬೆಟ್ಟದ ಕೆಳಗೆ ಉರುಳಿಸಿದ ತನ್ನ ಕೊಡದಿಂದ ಶುರುಮಾಡಿದಳು.